ಪ್ರಯೋಗಶಾಲೆಯಲ್ಲಿ ಆರ್ಬರ್ ಪ್ರೆಸ್ಸಿಗೆ ಸ್ಥಳವಿಲ್ಲವೇ?

ಪಂಪಿನ ಮೋಟಾರಿಗೆ ಹೊಸ ಬೇರಿಂಗು ಕೂರಿಸುವುದನ್ನು ಗಮನಿಸಿದವರು ಬಲ್ಲರು: 25 ಮಿಲಿಮೀಟರ್ ವ್ಯಾಸದ ದಂಡ, ಅದಕ್ಕಿಂತ ಒಂದು ಮಿಲಿಮೀಟರಿನ ನೂರನೆಯ ಒಂದಂಶದಷ್ಟು ಕಿರಿದಾದ ರಂಧ್ರ. ಸುತ್ತಿಗೆಯಿಂದ ಹೊರಬಳೆಯನ್ನು ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹಾಯ್ದು, ಅವು ಉರುಳುವ ಹಾದಿಯಲ್ಲಿ ಕುಳಿಗಳನ್ನು ಮೂಡಿಸುತ್ತದೆ. ಒಳಬಳೆಯನ್ನೇ ನೇರವಾಗಿ, ಮೆಲ್ಲನೆ ಒತ್ತಬೇಕು. ಅದಕ್ಕೆಂದೇ ಇರುವುದು ಆರ್ಬರ್ ಪ್ರೆಸ್.

ಇದರ ರಚನೆ ಬಲು ಸರಳ. ಉದ್ದನೆಯ ಹಿಡಿ, ಅದರ ಬುಡದಲ್ಲಿ ಚಿಕ್ಕ ಹಲ್ಲುಚಕ್ರ, ಚಕ್ರಕ್ಕೆ ಕಚ್ಚಿಕೊಂಡು ಮೇಲೆ ಕೆಳಗೆ ಸರಿಯುವ ಹಲ್ಲುಗಂಬಿ. ಹಿಡಿ 50 ಸೆಂಟಿಮೀಟರ್, ಚಕ್ರದ ತ್ರಿಜ್ಯ 2 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಯಾಂತ್ರಿಕ ಲಾಭ 25. ಇಪ್ಪತ್ತು ಕಿಲೋಗ್ರಾಂ ತೂಕದಷ್ಟು ಎಳೆದರೆ ಕೆಳಗೆ 500 ಕಿಲೋಗ್ರಾಂ ತೂಕದಷ್ಟು ಬಲ. ಘರ್ಷಣೆಯು ತನ್ನ ಪಾಲನ್ನು ಕಿತ್ತುಕೊಳ್ಳುವುದು ಬೇರೆ ಮಾತು. ಈ 25 ಎಂಬುದು ಮೊದಲಿನಿಂದ ಕೊನೆಯವರೆಗೂ ಬದಲಾಗದೆಂಬುದೇ ಇಲ್ಲಿನ ವಿಶೇಷ. ಆದುದರಿಂದ ಕೆಳಗಿನ ಪ್ರತಿರೋಧವು ಏರಿದಂತೆ, ಇಳಿದಂತೆ ಅಂಗೈಗೆ ಅದೇ ಪ್ರಮಾಣದಲ್ಲಿ ತಿಳಿಯುತ್ತದೆ. ಕೀಲುಗಳುಳ್ಳ ಒತ್ತುಯಂತ್ರಗಳಲ್ಲಾದರೋ ಚಲನೆಯ ಕೊನೆಯಲ್ಲಿ ಲಾಭವು ಥಟ್ಟನೆ ಏರಿ, ಈ ಅರಿವು ಮಸುಕಾಗುತ್ತದೆ.

ವಿದೇಶಗಳಲ್ಲಿ ಗುರಿಸ್ಪರ್ಧೆಯ ಬಂದೂಕುಗಾರರು ತಮ್ಮ ತೋಟಾಗಳನ್ನು ತಾವೇ ಮರುತುಂಬಿಕೊಳ್ಳುವಾಗ ಪುಟ್ಟ ಆರ್ಬರ್ ಪ್ರೆಸ್ಸನ್ನು ಮೆಚ್ಚುವುದು ಇದೇ ಕಾರಣಕ್ಕೆ. ಹಿತ್ತಾಳೆ ಕೋಶದ ಕೊರಳು ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದೆಯೆಂಬ ಭೇದ ಕೈಗೇ ಗೊತ್ತಾಗುತ್ತದೆ. ಭಿನ್ನವಾಗಿ ತೋರಿದ್ದನ್ನು ಬದಿಗಿಡುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಕು, ಅದು ಉಚಿತವೇ ಸರಿ. ನಾನು ಬಯಸುವುದು ತೋಟಾವನ್ನಲ್ಲ, ಕೈಯ ಆ ಸೂಕ್ಷ್ಮತೆಯನ್ನು.

ಇದು ಐ.ಟಿ.ಐ. ಹುಡುಗರ ಉಪಕರಣ, ಭೌತಶಾಸ್ತ್ರದ್ದಲ್ಲ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಒಪ್ಪಲಾರೆ. ಹೆದ್ದಾರಿಯ ಮೇಲಿನ ಮರಿಯಮ್ಮನಹಳ್ಳಿಯಲ್ಲಿ ಲಾರಿ, ಪಂಪು, ಟ್ರ್ಯಾಕ್ಟರುಗಳ ದುರಸ್ತಿಯನ್ನು ಕಂಡು ಬೆಳೆದ ವಿದ್ಯಾರ್ಥಿಯೂ ತರಗತಿಗೆ ಬಂದೊಡನೆ, ಮೀಟರ್ ಕೋಲನ್ನು ಕತ್ತಿಯಂಚಿನ ಮೇಲೆ ತೂಗಿಸಿದರೆ ಸನ್ನೆಯ ತತ್ತ್ವ ಮುಗಿಯಿತೆಂದು ಭಾವಿಸುತ್ತಾನೆ. ಘರ್ಷಣೆಯೆಂದರೆ ಅವನಿಗೆ ಪ್ರಶ್ನೆಪತ್ರಿಕೆಯಲ್ಲಿ ‘ಉಪೇಕ್ಷಿಸಿರಿ’ ಎಂದು ಅಚ್ಚಾಗುವ ವಸ್ತು!

ಪ್ರೆಸ್ಸಿನ ಹಿಡಿಯ ತುದಿಗೆ ಸ್ಪ್ರಿಂಗ್ ತ್ರಾಸು ಕಟ್ಟಿಕೊಡಿರಿ. ಗಂಬಿಯ ಕೆಳಗೆ ಮನುಷ್ಯರು ತೂಕ ನೋಡಿಕೊಳ್ಳುವ ಯಂತ್ರವನ್ನಿಡಿರಿ. ಹಿಡಿ, ಗಂಬಿಗಳ ಸ್ವಂತ ಭಾರವನ್ನು ಮೊದಲೇ ಗುರುತಿಸಿಕೊಂಡು ಕಳೆದುಬಿಡಲಿ. ಆಮೇಲೆ ಹಿಡಿಗೆ ಲಂಬವಾಗಿ 3 ಕಿಲೋಗ್ರಾಂ ಎಳೆಯಲಿ. ಲೆಕ್ಕವು 75 ಎನ್ನುತ್ತದೆ. ಯಂತ್ರವು ಅದಕ್ಕಿಂತ ಕಡಿಮೆ ತೋರಿಸುತ್ತದೆ. ಉಳಿದುದೆಲ್ಲಿ ಹೋಯಿತೆಂದು ಅವನೇ ಕೇಳಲಿ, ಹಲ್ಲುಗಳಿಗೆ ಎಣ್ಣೆ ಬಿಟ್ಟು ಮತ್ತೊಮ್ಮೆ ಎಳೆಯಲಿ.