ಡಿಕ್ಕಿಯೊಳಗಿನ ಐದನೆಯ ಚಕ್ರ

ಸಕಲೇಶಪುರವನ್ನು ದಾಟಿ ಶಿರಾಡಿ ಘಟ್ಟವನ್ನಿಳಿಯುವವರಿಗೆ ಬ್ರೇಕಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿರುವಿನ ಮೇಲೆ ತಿರುವು. ಬ್ರೇಕು ಕಾಯ್ದಂತೆಲ್ಲ ಹಿಡಿತ ಸಡಿಲವಾಗುತ್ತ ಬರುವುದು. ಹೀಗೆ ಒಮ್ಮೆ ಬೆದರಿದ ಬೆಂಗಳೂರಿನ ಗೃಹಸ್ಥರೊಬ್ಬರು ತಮ್ಮ ಹಳೆಯ ಕಾರಿನ ಮುಂಭಾಗಕ್ಕೆ ದೊಡ್ಡ ಡಿಸ್ಕ್ ಬ್ರೇಕುಗಳನ್ನು ಹಾಕಿಸಿದರು. ಅವುಗಳಿಗೆ 14 ಅಂಗುಲದ ಚಕ್ರ ಸಾಲದೆಂದು 15 ಅಂಗುಲದ ಹೊಸ ಚಕ್ರಗಳೂ ಬಂದವು. ಬಂದುದು ನಾಲ್ಕೇ. ಐದನೆಯದು ಹಳೆಯದಾಗಿಯೇ ಡಿಕ್ಕಿಯಲ್ಲಿ ಮಲಗಿತ್ತು.

ಮಂಗಳೂರಿನ ಮದುವೆಗೆಂದು ಸಂಸಾರಸಮೇತ ಹೊರಟಾಗ, ಸಂಜೆಯ ಮಳೆಯಲ್ಲಿ, ಘಟ್ಟದ ನಡುವೆಯೇ ಮುಂದಿನ ಟೈರು ಒಡೆಯಿತು. ಜಾಕಿಯೇರಿಸಿ ಸ್ಟೆಪ್ನಿಯನ್ನು ತೊಡಿಸಹೋದರೆ ಅದು ಒಳಕ್ಕೆ ಹೋಗಲೊಲ್ಲದು! ಬ್ರೇಕಿನ ಕ್ಯಾಲಿಪರು ಚಕ್ರದ ಒಳಮೈಗೆ ತಾಗಿ ನಿಂತಿತು. ಮಕ್ಕಳು ರಸ್ತೆಯಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಪಕ್ಕದಲ್ಲೇ ಲಾರಿಗಳ ಸಾಲು.

ಅವರು ಮೋಸಹೋದುದಾದರೂ ಎಲ್ಲಿ? ಹಳೆಯ ಟೈರಿನ ಅಳತೆ 175/65 ಆರ್ 14. ಹೊಸದರದು 185/55 ಆರ್ 15. ಗಾಳಿ ತುಂಬಿದ ಮೇಲೆ ಮೊದಲನೆಯದರ ಎತ್ತರ ಸುಮಾರು 583 ಮಿಲಿಮೀಟರ್. ಎರಡನೆಯದರದು 584ಕ್ಕಿಂತ ತುಸು ಹೆಚ್ಚು. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಅಣ್ಣತಮ್ಮಂದಿರಂತೆಯೇ ಕಾಣುವವು. ಆದರೆ ಬ್ರೇಕು ವಾಸಿಸುವುದು ಟೈರಿನೊಳಗಲ್ಲ, ಉಕ್ಕಿನ ಬಳೆಯೊಳಗೆ. ಅಲ್ಲಿ ಪೂರಾ ಒಂದಂಗುಲದ ಕೊರತೆ.

ಸ್ಟೆಪ್ನಿ ಎಂಬ ಹೆಸರು ಬಂದುದು ವೇಲ್ಸಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. ಅಲ್ಲಿ ಡೇವಿಸ್ ಸಹೋದರರು 1904ರಲ್ಲಿ ರೂಪಿಸಿದ ಮೊದಲ ಸ್ಟೆಪ್ನಿಗೆ ಗುಂಬವಾಗಲಿ ಅರಗಳಾಗಲಿ ಇರಲಿಲ್ಲ. ಟೈರು ತೊಟ್ಟ ಬರಿಯ ಬಳೆಯನ್ನು ಕೆಟ್ಟ ಚಕ್ರದ ಮಗ್ಗುಲಿಗೇ ಬಿಗಿಯುತ್ತಿದ್ದರು. ಒಳಗಣ ಬ್ರೇಕಿನ ಗೊಡವೆಯೇ ಅದಕ್ಕಿರಲಿಲ್ಲ. ಆ ಸೌಕರ್ಯ ಇಂದಿನವರಿಗಿಲ್ಲ.

ಗೃಹಸ್ಥರನ್ನು ಕಾಪಾಡಿದವನು ಹಿಂದೆ ಬಂದು ನಿಂತ ಲಾರಿಯ ಚಾಲಕ. ಒಡೆದ ಚಕ್ರವನ್ನೇ ಮತ್ತೆ ಮುಂದೆ ತೊಡಿಸಿ ಕಾರನ್ನಿಳಿಸಿದ. ಹಿಂಬದಿಯನ್ನೆತ್ತಿ ಅಲ್ಲಿಯ ಒಳ್ಳೆಯ ಚಕ್ರವನ್ನು ಕಳಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕಿದ. ಹಿಂದಿನ ಬ್ರೇಕು ಹಳೆಯದೇ ಆದುದರಿಂದ ಅದು ಸಲೀಸಾಗಿ ಕೂತಿತು. ಕಳಚಿದ ಚಕ್ರ ಮುಂದಕ್ಕೆ ಬಂತು. ಮೂರು ಬಾರಿ ಜಾಕಿ, ಮುಕ್ಕಾಲು ಗಂಟೆಯ ನೆನೆತ. ಹೊಸ ಚಕ್ರದ ನಟ್ಟುಗಳು ಹಳೆಯದಕ್ಕೆ ಕೂರುವಂತಿರಲಿಲ್ಲ. ಹಳೆಯವು ಜಾಕಿಯ ಚೀಲದಲ್ಲೇ ಉಳಿದಿದ್ದುದು ಪುಣ್ಯ.

ಹಿಂದಿನ ಬ್ರೇಕನ್ನೂ ಬದಲಿಸಿದವರಿಗೆ ಈ ಉಪಾಯವೂ ದಕ್ಕದು. ಉಳಿದ ನಾಲ್ಕರಂಥದೇ ಐದನೆಯ ಚಕ್ರವನ್ನು ಕೊಳ್ಳುವುದೇ ಉತ್ತಮ. ಅದು ದುಬಾರಿಯೆನಿಸಿದರೆ ಅದೇ ಅಂಗುಲದ ಉಕ್ಕಿನ ಚಕ್ರವಾದೀತು. ಬೋಲ್ಟುಗಳ ವೃತ್ತ, ನಡುರಂಧ್ರ, ಆಫ್‌ಸೆಟ್ ಎಲ್ಲವೂ ಹೊಂದಬೇಕು. ಅಂಗುಲವೊಂದನ್ನೇ ನಂಬಕೂಡದು, ಒಳಮೈಯ ಉಬ್ಬು ಕ್ಯಾಲಿಪರಿಗೆ ತಾಗುವುದುಂಟು. ತಯಾರಕರು ಕೊಡುವ ಸಪುರ ಸ್ಟೆಪ್ನಿಗೂ ಈ ಪರೀಕ್ಷೆ ತಪ್ಪದು. ಅದಕ್ಕೆ ಸಾಮಾನ್ಯವಾಗಿ 60 ಪೌಂಡು ಗಾಳಿ ಬೇಕು, ವೇಗ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಎಂಜಿನ್ನು ಎಳೆಯುವ ಚಕ್ರಗಳ ಜಾಗದಲ್ಲಿ ಗಿಡ್ಡ ಟೈರು ಹಾಕಿದರೆ ಡಿಫರೆನ್ಷಿಯಲ್ ಸವೆಯುವುದು ಬೇರೆ.

ಪರೀಕ್ಷೆ ಮನೆಯಂಗಳದಲ್ಲೇ ನಡೆಯಲಿ. ಸ್ಟೆಪ್ನಿಯನ್ನು ನಾಲ್ಕು ಕಡೆಯೂ ತೊಡಿಸಿ, ನಟ್ಟು ಬಿಗಿದು, ಕೈಯಿಂದ ತಿರುಗಿಸಿ ನೋಡಬೇಕು. ಕ್ಯಾಲಿಪರಿಗೂ ಚಕ್ರಕ್ಕೂ ನಡುವೆ 3 ಮಿಲಿಮೀಟರಾದರೂ ತೆರಪಿರಲಿ. ಒಳಗೆ ಅಂಟಿಸಿದ ಸೀಸದ ತುಂಡುಗಳನ್ನು ಮರೆಯಬಾರದು.

ಸ್ಟೆಪ್ನಿಯೇ ಬೇಡವೆನ್ನುವವರೂ ಉಂಟು. ಟೈರಿನ ಗಾಳಿಯನ್ನು ಅಳೆದು ತಿಳಿಸುವ ಯಂತ್ರವೂ ದುರಸ್ತಿಯ ಸಾಮಗ್ರಿಯೂ ಇರುವ ಟ್ಯೂಬಿಲ್ಲದ ಟೈರಿನ ಕಾರುಗಳಿಗೆ 2020ರ ನಿಯಮ ಆ ವಿನಾಯಿತಿಯನ್ನು ಕೊಟ್ಟಿದೆ. ಮೊಳೆಯ ತೂತಿಗೆ ಅಂಟುದ್ರವ ಸಾಕು. ಘಟ್ಟದ ಕಲ್ಲು ಟೈರಿನ ಮಗ್ಗುಲನ್ನು ಸೀಳಿದರೆ ಅದು ನಿರುಪಯೋಗಿ.

ಗೃಹಸ್ಥರು ಊರಿಗೆ ಮರಳಿದ ವಾರದಲ್ಲೇ ಐದನೆಯ 15 ಅಂಗುಲದ ಚಕ್ರವನ್ನು ತಂದರು. ಅಲ್ಲಿಯ ಗುಣಿ ಹಳೆಯ ಚಕ್ರದಗಲಕ್ಕೆ ಮಾಡಿದ್ದು. ಡಿಕ್ಕಿಯ ಹಲಗೆ ಈಗ ಒಂದಂಗುಲ ಮೇಲೆದ್ದು ಕೂತಿದೆ. ಮಂಗಳೂರಿನಿಂದ ತರುವ ತೆಂಗಿನಕಾಯಿಯ ಚೀಲಕ್ಕೆ ಜಾಗವೆಲ್ಲಿ ಎಂದು ಮನೆಯಾಕೆ ಕೇಳುತ್ತಿದ್ದಾರೆ.