ಬಾಗಿದ ಕತ್ತಿಯ ಮೋಹ

ಕತ್ತಿ ಬಾಗಿದ್ದರೆ ಅದಕ್ಕೊಂದು ಕೆಲಸವಿದೆಯೆಂದೇ ಅರ್ಥ. ಇದನ್ನು ನಮ್ಮ ಮಲೆನಾಡಿನ ಹೆಂಗಸರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನೇರ ಅಲಗಿನ ಮುಂದೆ ಪೈರಿನ ದಂಟು ಜಾರಿಕೊಳ್ಳುತ್ತದೆ. ಕುಡುಗೋಲು ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೊಯ್ಯುತ್ತದೆ. ಅಡುಗೆಮನೆಯ ಈಳಿಗೆಮಣೆಯ ಅಲಗೂ ಇದೇ ನ್ಯಾಯಕ್ಕೆ ಬಾಗಿದೆ. ಕೊಯ್ಲಿನ ದಿನಗಳಲ್ಲಿ ಅಮ್ಮನ ಹಿಂದೆ ನಿಂತು ನಾನು ಕಲಿತ ಪಾಠ ಇದು.

ಈಗ ನಮ್ಮ ಶಾಲೆಯ ಹುಡುಗರ ಬಾಯಲ್ಲಿ ಇನ್ನೊಂದು ಬಾಗಿದ ಕತ್ತಿಯ ಹೆಸರು ಕುಣಿಯುತ್ತಿದೆ. ಅದು ಕರಂಬಿಟ್. ಹುಲಿಯುಗುರಿನಂತೆ ಕೊಕ್ಕೆಯಾದ ಚಿಕ್ಕ ಅಲಗು. ಹಿಡಿಯ ತುದಿಯಲ್ಲಿ ಬೆರಳು ತೂರಿಸಲು ಒಂದು ಉಂಗುರ. ನೋಟುಬುಕ್ಕುಗಳ ಕೊನೆಯ ಪುಟದಲ್ಲಿ ಇದರ ಚಿತ್ರ ನೋಡಿ ನೋಡಿ ನನಗೆ ಸಾಕಾಗಿದೆ. 2013ರಲ್ಲಿ ಇದು ‘ಕೌಂಟರ್ ಸ್ಟ್ರೈಕ್’ ಎಂಬ ಕಂಪ್ಯೂಟರ್ ಆಟದೊಳಗೆ ಸೇರಿತು. 2014ರಲ್ಲಿ ‘ದಿ ರೈಡ್ 2’ ಎಂಬ ಇಂಡೋನೇಷ್ಯಾದ ಸಿನಿಮಾದಲ್ಲಿ, ಅಡುಗೆಮನೆಯೊಳಗಿನ ಒಂದು ಭೀಕರ ಹೊಡೆದಾಟದಲ್ಲಿ ಮೆರೆಯಿತು. ಹುಡುಗರು ಪ್ಲಾಸ್ಟಿಕ್ಕಿನದನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರನೆ ತಿರುಗಿಸುತ್ತಾರೆ. ಬುಗುರಿ ಆಡಿದವರ ಮೊಮ್ಮಕ್ಕಳು, ತಿರುಗಿಸಿಕೊಳ್ಳಲಿ ಬಿಡಿ. ಅಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಆದರೆ ಇದೇ ಕತ್ತಿಯನ್ನು ಈಗ ಉಕ್ಕಿನಲ್ಲಿ ಮಾಡಿ, ಗುಲಾಬಿ ಬಣ್ಣ ಬಳಿದು, ‘ಹೆಣ್ಣುಮಕ್ಕಳ ಆತ್ಮರಕ್ಷಣೆಗೆ’ ಎಂದು ಮಾರುತ್ತಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಈ ಕತ್ತಿಯ ತವರು ಪಶ್ಚಿಮ ಸುಮಾತ್ರ. ಅಲ್ಲಿನ ಮಿನಾಂಗ್‌ಕಬಾವ್ ಜನರಲ್ಲಿ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಇಳಿದುಬರುತ್ತವೆ. ನಮ್ಮ ಕರಾವಳಿಯ ಅಳಿಯಕಟ್ಟನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು. ಬೇರು ಕೆದಕುವುದಕ್ಕೆ, ತೆನೆ ಕೊಯ್ಯುವುದಕ್ಕೆ ಬಳಸುತ್ತಿದ್ದ ಸಣ್ಣ ಹತಾರವೇ ಮುಂದೆ ಆಯುಧವಾಯಿತೆಂದು ಹೇಳುತ್ತಾರೆ. ಅಂದರೆ ಇದೂ ಕುಡುಗೋಲಿನ ಬಳಗವೇ. ಆಯುಧವಾದ ಮೇಲೆ ಅದು ಸಿಲಾತ್ ಎಂಬ ಕಾಳಗದ ವಿದ್ಯೆಯೊಳಗೆ ಸೇರಿತು. 2019ರಲ್ಲಿ ಯುನೆಸ್ಕೊ ಇಂಡೋನೇಷ್ಯಾದ ಪೆಂಚಾಕ್ ಸಿಲಾತನ್ನೂ ಮಲೇಷ್ಯಾದ ಸಿಲಾತನ್ನೂ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಿ, ಪಟ್ಟಿಗೆ ಸೇರಿದ್ದು ವಿದ್ಯೆ. ಗುರುವಿಗೆ ತಲೆಬಾಗುವುದು, ಹೆಜ್ಜೆ ಇಡುವುದು, ಬರಿಗೈಯಲ್ಲಿ ತಪ್ಪಿಸಿಕೊಳ್ಳುವುದು, ಸಿಟ್ಟು ನುಂಗುವುದು ಇವೆಲ್ಲ ಆ ವಿದ್ಯೆಯ ಮೈ. ಕತ್ತಿ ಅದರ ಒಂದು ಉಗುರು ಮಾತ್ರ. ಅಂಗಡಿಯವನು ಉಗುರನ್ನು ಕಿತ್ತು ತಂದು, ಇದೇ ಹುಲಿ ಎನ್ನುತ್ತಿದ್ದಾನೆ.

ದೂರದ ಮಾತೇಕೆ? ನಮ್ಮ ಕೊಡಗಿನ ಒಡಿಕತ್ತಿಯನ್ನೇ ನೋಡಿ. ಬೆನ್ನ ಹಿಂದಿನ ತೋಡಂಗ್‌ಗೆ ಸಿಕ್ಕಿಸುವ, ಅಗಲವಾದ ಬಾಗಿದ ಕತ್ತಿ. ಮದುವೆಯಲ್ಲಿ ಬಾಳೆದಿಂಡನ್ನು ಒಂದೇ ಏಟಿಗೆ ಕಡಿದು ತೋರಿಸುವುದು ಅದರ ಗತ್ತು. ಆದರೆ ಬೇಸಾಯದ ಕಾಲದಲ್ಲಿ ಆಯುಧಗಳನ್ನು ದೇವರಕೋಣೆಯಲ್ಲಿ ಇಟ್ಟುಬಿಡುವುದು ಅಲ್ಲಿನ ಹಳೆಯ ಕಟ್ಟಳೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸಿ ಹೊರತೆಗೆಯುತ್ತಾರೆ. ಆಯುಧ ಯಾವಾಗ ಹೊರಗೆ ಬರಬೇಕು, ಯಾವಾಗ ಒಳಗೆ ಇರಬೇಕು ಎಂಬುದನ್ನು ಹಿರಿಯರು ಗೊತ್ತುಮಾಡಿದ್ದರು. ಕೊರಿಯರಿನಲ್ಲಿ ಬರುವ ಕತ್ತಿಯ ಜೊತೆ ಇಂಥ ಯಾವ ಕಟ್ಟಳೆ ಬರುತ್ತದೆ ಹೇಳಿ.

ಕರಂಬಿಟ್ ನೋಡಲು ಚೆಂದ, ನಿಜ. ಆ ಬಾಗು, ಆ ಉಂಗುರ, ಬೆರಳ ಸುತ್ತ ಅದು ತಿರುಗುವ ಬೆಡಗು ಯಾರ ಕಣ್ಣನ್ನಾದರೂ ಸೆಳೆಯುತ್ತದೆ. ಚಿನ್ನದ ಚೂರಿ ಎಂದು ಯಾರೂ ಹೊಟ್ಟೆಗೆ ಚುಚ್ಚಿಕೊಳ್ಳುವುದಿಲ್ಲವಷ್ಟೆ. ಈ ಕತ್ತಿಯ ಗುಣವೇ ಗಿಡ್ಡತನ. ಇದನ್ನು ಬಳಸಬೇಕಾದರೆ ಎದುರಾಳಿಯ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಬೇಕು. ಹದಿನೆಂಟರ ಹುಡುಗಿ ಯಾರಿಂದ ದೂರ ಓಡಬೇಕೋ ಅವನ ಹತ್ತಿರಕ್ಕೇ ಇದು ಅವಳನ್ನು ಕರೆದೊಯ್ಯುತ್ತದೆ. ಬೆದರಿದ ಕೈ ನಡುಗುತ್ತದೆ, ಬೆರಳಿಗೆ ಉಂಗುರ ಸಿಗುವುದಿಲ್ಲ. ಸಿಕ್ಕಿತೆನ್ನಿ, ಬಲವಾದವನು ಮಣಿಕಟ್ಟು ಹಿಡಿದು ತಿರುಚಿದರೆ ಉಂಗುರದೊಳಗಿನ ಬೆರಳೇ ಮುರಿಯುತ್ತದೆ. ವರ್ಷಗಟ್ಟಲೆ ಪಳಗಿದವರಿಗೆ ಆಸರೆಯಾಗುವ ಉಂಗುರ, ಪಳಗದವಳಿಗೆ ಬೇಡಿ.

ಕಳೆದ ವರ್ಷ ಒಬ್ಬ ಪಾಲಕರು ನನ್ನಲ್ಲಿ ಹೇಳಿದರು: “ಅಕ್ಕೋರೆ, ಮಗಳು ಹುಬ್ಬಳ್ಳಿಗೆ ಓದಲು ಹೊರಟಳು. ಒಂದು ಕತ್ತಿ ತರಿಸಿ ಚೀಲದಲ್ಲಿ ಇಟ್ಟಿದ್ದೇನೆ. ನನಗೀಗ ನೆಮ್ಮದಿ.” ನೆಮ್ಮದಿ ಯಾರಿಗೆ? ಅಪ್ಪನಿಗೆ. ಮಗಳಿಗೆ ಸಿಕ್ಕಿದ್ದು ಒಂದು ಭಾರ. ಏನಾದರೂ ಆದರೆ “ಕತ್ತಿ ಇತ್ತಲ್ಲ, ಯಾಕೆ ತೆಗೆಯಲಿಲ್ಲ?” ಎಂಬ ಪ್ರಶ್ನೆಯೂ ಅವಳ ಪಾಲಿಗೇ. ಬಸ್ಸು ಹೊತ್ತಿಗೆ ಬಾರದಿದ್ದುದನ್ನು, ಬೀದಿದೀಪ ಉರಿಯದಿದ್ದುದನ್ನು, ಸುತ್ತ ನಿಂತವರು ಬಾಯಿ ಬಿಡದಿದ್ದುದನ್ನು ಯಾರೂ ಕೇಳುವುದಿಲ್ಲ. ಊರು ಹೊರಬೇಕಾದ ಹೊಣೆಯನ್ನು ಒಂದು ಹುಡುಗಿಯ ಬೆರಳಿಗೆ ಉಂಗುರ ಮಾಡಿ ತೊಡಿಸಿದ್ದೇವೆ.

“ಏನೂ ಇಲ್ಲದ್ದಕ್ಕಿಂತ ಕತ್ತಿ ಇರುವುದು ಮೇಲಲ್ಲವೇ? ಓಬವ್ವ ಒನಕೆ ಹಿಡಿಯಲಿಲ್ಲವೇ?” ಎಂದು ವಾದಿಸುವವರಿದ್ದಾರೆ. ಹಿಡಿದಳು ನಿಜ. ಒನಕೆಯ ತೂಕ ಅವಳ ತೋಳಿಗೆ ದಿನನಿತ್ಯ ಗೊತ್ತಿತ್ತು. ಕಿಂಡಿಯ ಅಳತೆಯೂ ಗೊತ್ತಿತ್ತು. ಅವಳನ್ನು ಗೆಲ್ಲಿಸಿದ್ದು ಪಳಗಿದ ಕೈ ಮತ್ತು ಅಳುಕದ ಬುದ್ಧಿ. ಇವೆರಡನ್ನೂ ಅಂಗಡಿಯಿಂದ ತರಿಸಲಾಗದು. ಹಕ್ಕಿನ ಮಾತಿಗೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಿಂದಿನಂತೆ ಆತ್ಮರಕ್ಷಣೆಯ ಹಕ್ಕಿದೆ; ಅತ್ಯಾಚಾರಕ್ಕೆ ಬಂದವನ ವಿರುದ್ಧ ಆ ಹಕ್ಕು ಅವನ ಪ್ರಾಣದವರೆಗೂ ಹೋಗುತ್ತದೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯೂ ಇದೆ. ಚುಡಾಯಿಸಿದವನ ಮೇಲೆ ಕತ್ತಿ ಬೀಸಿದ ಹುಡುಗಿ ಕೋರ್ಟಿನ ಕಟಕಟೆಯಲ್ಲಿ ನಿಂತಾಗ, ಮಾರಿದವನು ಪಕ್ಕಕ್ಕೆ ಬರುತ್ತಾನೆಯೇ?

ನಿಮ್ಮ ಮಗಳಿಗೆ ಕಾಳಗದ ವಿದ್ಯೆ ಕಲಿಸಬೇಕೆಂದಿದ್ದರೆ ಖಂಡಿತ ಕಲಿಸಿ. ಗುರುವಿನ ಹತ್ತಿರ ಕಳುಹಿಸಿ, ನಾಲ್ಕಾರು ವರ್ಷ ಬೆವರು ಸುರಿಸಲಿ; ಕತ್ತಿಯನ್ನು ಯಾವಾಗ ಮುಟ್ಟಬೇಕೆಂದು ಗುರುವೇ ಹೇಳಲಿ. ಅಲ್ಲಿಯವರೆಗೆ ಗಂಟಲು ಬಿಟ್ಟು ಕೂಗುವುದನ್ನು, ಓಡುವುದನ್ನು, 112ಕ್ಕೆ ಕರೆ ಮಾಡುವುದನ್ನು ಕಲಿಸಿ. ಮನೆಗೆ ಬಂದು ನಡೆದದ್ದನ್ನು ಹೇಳಿದರೆ “ನಿನ್ನದೇ ತಪ್ಪು” ಎನ್ನಬೇಡಿ. ಆ ಕತ್ತಿಗೆ ಸುರಿಯುವ ಹಣದ ಜೊತೆ ಒಂದು ಗಂಟೆ ಹೊತ್ತನ್ನೂ ಸೇರಿಸಿ, ಹತ್ತು ಜನ ಪಾಲಕರು ಪಂಚಾಯತಿಯ ಮುಂದೆ ನಿಂತು ಬಸ್‌ಸ್ಟ್ಯಾಂಡಿಗೆ ದೀಪ ಹಾಕಿಸಿ. ನಿಮ್ಮ ಮಗಳೊಬ್ಬಳೇ ಅಲ್ಲ, ಆ ದಾರಿಯಲ್ಲಿ ಬರುವ ಎಲ್ಲರ ಮಕ್ಕಳೂ ಅದರ ಬೆಳಕಿನಲ್ಲಿ ಮನೆ ಸೇರುತ್ತಾರೆ.