ಹೊರಗಿನ ಚಿಲಕ

ಜಡಿಗೇನಹಳ್ಳಿಯಿಂದ ಮಾಲೂರಿನತ್ತ ಹೊರಟವನಿಗೆ ಇಟ್ಟಿಗೆ ಗೂಡುಗಳ ಹೊಗೆ ಅಪರಿಚಿತವಲ್ಲ. ಅಲ್ಲಿಯ ಯಾವ ಗೂಡಿನ ಮೇಲೂ ದೋಷಾರೋಪಣೆ ಮಾಡುವುದು ನನ್ನ ಉದ್ದೇಶವಲ್ಲವಾದರೂ, ಮುಂಗಡ ಹಣದ ಆಮಿಷದಿಂದ ದೂರದೂರಿನಿಂದ ಕರೆತರಲ್ಪಟ್ಟು, ಚಿಲಕವು ಹೊರಗೇ ಇರುವ ತಗಡಿನ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕಳೆದ ಹೆಣ್ಣುಮಗಳೊಬ್ಬಳು, ಕಾವಲುಗಾರನು ಮೈಮರೆತ ಗಳಿಗೆಯಲ್ಲಿ ಅವನ ತಲೆಗೆ ಸಲಾಕೆಯಿಂದ ಹೊಡೆದು ಓಡಿಹೋದಳೆಂದು ಭಾವಿಸೋಣ. ಇವಳು ಅಪರಾಧಿನಿಯೆ?

1976ರ ಕಾಯಿದೆ ಜೀತವನ್ನು ನಿಷೇಧಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಮಾನವ ಸಾಗಣೆಯನ್ನು ದಂಡಿಸುತ್ತದೆ. ಅಧಿಕಾರಿಗಳ ಮೊರೆಹೋಗಲು ಅಸಾಧ್ಯವೆಂಬ ಭೀತಿ ಹುಟ್ಟಿಸುವ ಅಕ್ರಮ ಬಂಧನದ ವಿರುದ್ಧ, ಪ್ರಾಣಹರಣದವರೆಗೂ ಆತ್ಮರಕ್ಷಣೆಯ ಹಕ್ಕು ವ್ಯಾಪಿಸುವುದೆಂದು 38ನೆಯ ಕಲಮು ಹೇಳುತ್ತದೆ. ಅಕ್ಷರಗಳೇನೋ ಉದಾರವಾಗಿಯೇ ಇವೆ! ಆದರೆ ಆ ಕಲಮಿನ ಅಪರಾಧಗಳ ಪಟ್ಟಿಯಲ್ಲಿ ಮಾನವ ಸಾಗಣೆಯ ಹೆಸರಿಲ್ಲ. ಅಧಿಕಾರಿಗಳ ಆಶ್ರಯಕ್ಕೆ ಸಮಯವಿದ್ದರೆ ಹಕ್ಕಿಲ್ಲವೆಂದು 37ನೆಯ ಕಲಮು ತಡೆಯುತ್ತದೆ. ರಕ್ಷಣೆಗಾಗಿಯೇ ಹೊಡೆದೆನೆಂದು ಸಾಧಿಸುವ ಭಾರವೂ ಆರೋಪಿಯದೇ. ನಡುವೆ ಒಮ್ಮೆ ಅವಳು ಸಂತೆಗೆ ಹೋಗಿಬಂದಿದ್ದರೆ, ಆ ದಿನ ಪೋಲೀಸರಿಗೇಕೆ ತಿಳಿಸಲಿಲ್ಲವೆಂಬ ಪ್ರಶ್ನೆಗೆ, ಗುಡಿಸಲಿನಲ್ಲಿ ಒತ್ತೆಯಾಗಿ ಉಳಿದಿದ್ದ ತನ್ನ ಮಗುವನ್ನು ತೋರಿಸಬೇಕಾದವಳು ಅವಳೇ.

ದಂಡಸಂಹಿತೆ ಸಮವರ್ತಿ ಪಟ್ಟಿಯ ವಿಷಯವಾದುದರಿಂದ, ರಾಷ್ಟ್ರಪತಿಗಳ ಅಂಗೀಕಾರ ಪಡೆದು ಕರ್ನಾಟಕವು ಅದನ್ನು ತಿದ್ದಬಹುದು. ಸೆರೆಯ ಅವಧಿಯನ್ನೂ ಒತ್ತೆಯ ಭಯವನ್ನೂ ನ್ಯಾಯಾಲಯವು ಪರಿಗಣಿಸಲೇಬೇಕೆಂಬ ಒಂದು ವಾಕ್ಯವನ್ನು ನಮ್ಮ ಶಾಸಕರು ಸೇರಿಸಲಿ.